ಜಂಬೂಸವಾರಿಯ ಜರ್ಮನ್ ಸಿಪಾಯಿಗಳು

ಸಿಪಾಯಿಯ ಕುತ್ತಿಗೆಯಲ್ಲಿ ಮತ್ತೆ ಬೂದು ಬಣ್ಣ ಇಣುಕುತ್ತಿತ್ತು. ನಿನ್ನೆ ತಾನೇ ಕೂತು ಮುಚ್ಚಿದ ಜಾಗ. ಚಂದ್ರಮೋಹನ ಗೊಂಬೆಯ ಮೆಟ್ಟಿಲುಗಳ ಮುಂದೆ ಮಂಡಿಯೂರಿ, ಹೆಂಡತಿಯ ನೇಲ್ ಪಾಲಿಶ್ ಬಾಟಲಿಯ ಮುಚ್ಚಳ ತಿರುಗಿಸಿ, ಆ ಪುಟ್ಟ ಬ್ರಶ್ಶಿನಿಂದ ಬಿರುಕಿನ ಮೇಲೆ ಕೆಂಪು ಗೀಟೆಳೆದ. ಗೀಟು ಒಂದು ಕ್ಷಣ ಗಾಯದ ಹಾಗೆ ಹೊಳೆದು, ಆಮೇಲೆ ಅಂಗಿಯ ಕೆಂಪಿನಲ್ಲಿ ಸೇರಿಕೊಂಡಿತು. ಪಕ್ಕದವನ ಮೊಣಕೈಯಲ್ಲಿ ಇನ್ನೊಂದು ಬಿರುಕು. ಅವನ ಹಿಂದಿನವನ ಬೆನ್ನಿನುದ್ದಕ್ಕೆ ಮತ್ತೊಂದು. ನವರಾತ್ರಿ ಶುರುವಾದಾಗ ಇವರೆಲ್ಲ ಮೈಸೂರು ಮಹಾರಾಜರ ಪಟಾಲಮ್ಮಿನವರಾಗಿಯೇ ನಿಂತಿದ್ದರು. ದಿನ ಕಳೆದ ಹಾಗೆ ಒಬ್ಬೊಬ್ಬನಾಗಿ ಬೇರೆ ಯಾರೋ ಆಗುತ್ತಿದ್ದರು.

"ಏನ್ ಮಾಡ್ಲಿಕ್ಕತ್ತೀರಿ ಅಲ್ಲೆ?" ಅಡುಗೆಮನೆಯಿಂದ ಕುಮುದಾ ಕೂಗಿದಳು. "ನೇಲ್ ಪಾಲಿಶ್ ವಾಸನಿ ಬರ್ಲಿಕ್ಕತ್ತದ. ಉಗುರಿಗೆ ಹಚ್ಕೊಂಡ್ರೇನು?"

"ಸ್ವಲ್ಪ ಟಚಪ್ಪು."

"ಕೂರಿಸಿದ ಗೊಂಬಿ ಹಬ್ಬ ಮುಗಿಯೋತನಕಾ ಅಲ್ಲಾಡಿಸಬಾರದು. ನಿಮ್ಮ ಅವ್ವಾರ ಹೇಳಿಕೊಟ್ಟದ್ದು, ನಾ ಹುಟ್ಟಿಸಿಕೊಂಡು ಹೇಳಿದ್ದಲ್ಲ."

ಧಾರವಾಡದ ಹುಡುಗಿ. ಅವಳ ತವರಿನಲ್ಲಿ ಗೊಂಬೆ ಕೂರಿಸುವ ಪದ್ಧತಿಯೇ ಇರಲಿಲ್ಲ. ಮೈಸೂರಿನ ಅತ್ತೆಯಿಂದ ಪಟ್ಟದ ಗೊಂಬೆಯನ್ನೂ ಪದ್ಧತಿಯನ್ನೂ ಒಟ್ಟಿಗೆ ಸ್ವೀಕರಿಸಿದವಳು, ಈಗ ಹೊಸದಾಗಿ ಮತಕ್ಕೆ ಸೇರಿದವರ ಹುರುಪಿನಲ್ಲಿ ಮೈಸೂರಿನವರಿಗೇ ಮಡಿ ಹೇಳಿಕೊಡುತ್ತಿದ್ದಳು. ಡಾಲಸ್ ಸುತ್ತಮುತ್ತಲ ಕನ್ನಡದವರಿಗೆಲ್ಲ ಗೊಂಬೆ ಅಂದರೆ ರಿಚರ್ಡ್‌ಸನ್ ಊರಿನ ಕುಮುದಾ ಮನೆಯದೇ. ಈ ವರ್ಷವಂತೂ ಇಡೀ ಜಂಬೂಸವಾರಿ: ಮೇಲೆ ಅಂಬಾರಿಯ ಆನೆ, ಕೆಳಗಿನ ಎರಡು ಮೆಟ್ಟಿಲ ತುಂಬ ಜರಿಪೇಟದ ಸಿಪಾಯಿಗಳು.

ಆ ಸಿಪಾಯಿಗಳು ಸಿಕ್ಕಿದ್ದು ವಸಂತದಲ್ಲಿ, ಆಸ್ಟಿನ್ ದಾಟಿ ಗುಡ್ಡದ ಕಡೆ ಹೋಗಿದ್ದಾಗ. ಯಾರೋ ಮುದುಕ ಸತ್ತು, ಮನೆಯ ಸಾಮಾನನ್ನೆಲ್ಲ ಅಂಗಳದಲ್ಲಿ ಹರವಿ ಮಾರುತ್ತಿದ್ದರು. ಕುಮುದಾ ಒಂದು ಡಬ್ಬದಿಂದ ಬಣ್ಣ ಹೋದ ಗೊಂಬೆಯೊಂದನ್ನು ಎತ್ತಿ ಮೂಗಿಗೆ ಹಿಡಿದು, "ಕಿನ್ನಾಳ ಗೊಂಬಿ ವಾಸನಿ ಬರ್ತದಲ್ರೀ! ಕಟಗಿ ಹೊಟ್ಟು, ಅಂಟು! ನಮ್ಮ ಅಜ್ಜಿ ಮನ್ಯಾಗ ಹಿಂಗ ಇರ್ತಿತ್ತು" ಎಂದು ಕಣ್ಣರಳಿಸಿದಳು. ಚಂದ್ರಮೋಹನ ಇನ್ನೊಂದನ್ನು ಎತ್ತಿ ಬುಡ ತಿರುಗಿಸಿ ನೋಡಿದ. ಜರ್ಮನಿ ಎಂದು ಅಚ್ಚೊತ್ತಿತ್ತು. ಕಿವಿಯ ಮೇಲೆ ಇಳಿದು ಅಗಲವಾಗುವ ಆ ಹೆಲ್ಮೆಟ್ಟು ಯಾವ ಕಾಲದ್ದು, ಯಾರದ್ದು ಎಂದು ಸಿನಿಮಾ ನೋಡಿದ ಯಾರಿಗಾದರೂ ಗೊತ್ತಾಗುತ್ತದೆ. ಅವನಿಗೆ ಗೊತ್ತಾಯಿತು. ಹೇಳಲಿಲ್ಲ. ಹೆಂಡತಿ ಬಹಳ ದಿನದ ಮೇಲೆ ಅಷ್ಟು ನಕ್ಕಿದ್ದಳು ಎನ್ನುವುದು ಒಂದು ಕಾರಣ. ಹೇಳುವುದಕ್ಕಿಂತ ಹೇಳದಿರುವುದು ಸಲೀಸು ಎನ್ನುವುದು ನಿಜವಾದ ಕಾರಣ. ಹೇಳದೇ ಇದ್ದರೆ ಸುಳ್ಳು ಹೇಳಿದ ಹಾಗಾಗುವುದಿಲ್ಲ ಎಂಬ ವ್ಯಾಕರಣವನ್ನು ಅವನು ಚಿಕ್ಕಂದಿನಿಂದ ಕಲಿತು, ಅದರಲ್ಲೇ ಪದವಿ ಪಡೆದು, ಅದರಲ್ಲೇ ಪದೋನ್ನತಿಯನ್ನೂ ಪಡೆದಿದ್ದ.

ಬೇಸಗೆಯಿಡೀ ಅವಳು ಅವರಿಗೆ ಕೆಂಪು ಬಳಿದಳು. ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿರುವ ಭಾನುಮತಿ ಅತ್ತಿಗೆ ಅಲ್ಲಿನ ಹಿಲ್‌ಕ್ರಾಫ್ಟ್ ರಸ್ತೆಯ ಸೀರೆ ಅಂಗಡಿಗಳಿಂದ ಜರಿ ಅಂಚಿನ ತುಂಡುಗಳನ್ನು ಕಳಿಸಿದಳು. ಹೆಲ್ಮೆಟ್ಟುಗಳ ಸುತ್ತ ಜರಿ ಸುತ್ತಿದರೆ ಪೇಟ. ಬಂದೂಕಿಗೆ ಬಾವುಟ ಸಿಕ್ಕಿಸಿದರೆ ಬಿರುದಾವಳಿಯವನು. ಒಬ್ಬ ಮಾತ್ರ ಯಾವ ಪಾತ್ರಕ್ಕೂ ಒಗ್ಗಲಿಲ್ಲ: ಮಂಡಿಯೂರಿ ಕೂತು, ತಲೆ ತುಸು ಓರೆ ಮಾಡಿ, ಒಂದು ಕೈಯನ್ನು ಕಿವಿಗೆ ಒತ್ತಿಕೊಂಡಿದ್ದ. ಕುಮುದಾ ಎರಡು ದಿನ ಯೋಚಿಸಿ, "ಗವಾಯಿ!" ಎಂದು ಚಪ್ಪಾಳೆ ತಟ್ಟಿದಳು. "ಕಿವಿಗೆ ಕೈ ಹಚ್ಚಿ ಆಲಾಪ ಮಾಡ್ಲಿಕ್ಕತ್ತಾನ. ನಮ್ಮ ಧಾರವಾಡದಾಂವನ ಇವ." ಗವಾಯಿಗೆ ಹೆಗಲ ಮೇಲೆ ಶಾಲು ಬಂತು, ಹಣೆಗೆ ನಾಮ ಬಂತು, ಮುಂದೆ ಬೆಂಕಿಪೊಟ್ಟಣದ ತಂಬೂರಿ ಬಂತು. ಎಲ್ಲರಿಗೂ ಅವಳು ಕಿನ್ನಾಳದ ದೊಡ್ಡ ಕಪ್ಪು ಕಣ್ಣು ಬರೆದಿದ್ದಳು. ಆದರೆ ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದಾಗ ಆ ಕಣ್ಣಿನೊಳಗೆ ಇನ್ನೊಂದು ಕಣ್ಣು, ಕಿರಿದಾಗಿ ನೀಲಿಯಾಗಿ, ಬಣ್ಣದಡಿಯಿಂದ ನೋಡುತ್ತಿತ್ತು.

"ಅಪ್ಪಾ, ದೆ ಆರ್ ಸೋ ಕ್ರೀಪಿ," ಎಂದು ಹೈಸ್ಕೂಲಿನ ಮಗಳು ಶ್ರಾವಣಿ ಮೊದಲ ದಿನವೇ ತೀರ್ಪು ಕೊಟ್ಟು ತನ್ನ ರೂಮಿಗೆ ಹೋಗಿದ್ದಳು.

ಚಂದ್ರಮೋಹನ ಗವಾಯಿಯ ಮುಂದೆ ಬ್ರಶ್ಶು ಹಿಡಿದು ನಿಂತ. ಇವನಲ್ಲಿ ಬಿರುಕಿರಲಿಲ್ಲ. ಇವನು ಕೇಳಿಸಿಕೊಳ್ಳುತ್ತಿದ್ದ, ಅಷ್ಟೆ. ತಲೆಯ ಮೇಲೆ ಎ.ಸಿ. ಉಸಿರು ಬಿಡುತ್ತಿತ್ತು, ಆ ಉಸಿರಿನೊಳಗೆ ಮತ್ತೆ ಅದೇ ದನಿ ಶುರುವಾಯಿತು. ಅಡ್ಲರ್, ಅಡ್ಲರ್, ಹಿಯರ್ ಫಾಲ್ಕೆ, ಕೊಮ್ಮೆನ್. ಹದ್ದೇ ಹದ್ದೇ, ನಾನು ಗಿಡುಗ, ಮಾತಾಡು. ಈ ಬೇಸಗೆಯಿಂದ ಆ ದನಿ ಅವನ ಜೊತೆ ಓಡಾಡುತ್ತಿತ್ತು. ಪಾತ್ರೆ ತೊಳೆಯುವ ಮೆಷಿನ್ನಿನಲ್ಲಿ ಇರುತ್ತಿತ್ತು. ಆಫೀಸಿಗೆ ಹೋಗುವ ರೈಲು ಸ್ಟೇಷನ್ನಿಗೆ ಬಂದು ನಿಂತಾಗ, ಬಾಗಿಲು ತೆರೆಯುವ ಮುಂಚಿನ ಆ ನಿಶ್ಶಬ್ದದಲ್ಲಿ ಇರುತ್ತಿತ್ತು. ಒಮ್ಮೆ ಸ್ನಾನ ಮಾಡುತ್ತಾ ತಾನೇ ಅದನ್ನು ಗುನುಗುತ್ತಿರುವುದು ಗೊತ್ತಾಗಿ, ನೀರು ನಿಲ್ಲಿಸಿ, ಸೋಪಿನ ಮೈಯಲ್ಲಿ ಹಾಗೇ ನಿಂತುಬಿಟ್ಟಿದ್ದ.

ಅವನ ಕಂಪನಿ ಸೈನ್ಯಗಳಿಗೆ ರೇಡಿಯೊ ಮಾಡುತ್ತಿತ್ತು. ಈ ಸಲದ ಗಿರಾಕಿ ಜರ್ಮನಿಯ ವಿಶೇಷ ಪಡೆ, ಕಮಾಂಡೊಗಳು. ಮುಖ ತೋರಿಸುವ ಹಾಗಿಲ್ಲ, ಪೂರ್ತಿ ಹೆಸರು ಹೇಳುವ ಹಾಗಿಲ್ಲ. ಮೀಟಿಂಗಿಗೆ ಬಂದರೆ ಪರದೆಯ ಮೇಲೆ ಕಪ್ಪು ಚೌಕಗಳು ಕೂತಿರುತ್ತಿದ್ದವು. ಅವರು ಬೆಟ್ಟದ ಮೇಲೆ ಅಭ್ಯಾಸ ಮಾಡುತ್ತಿದ್ದಾಗ ಒಬ್ಬನ ರೇಡಿಯೊ ನಡುವೆ ಸತ್ತುಹೋಯಿತು. ಸತ್ತ ರೇಡಿಯೊ ರಿಚರ್ಡ್‌ಸನ್‌ಗೆ ಬಂತು. ಅದನ್ನು ಕೊಯ್ದು ನೋಡುವ ಕೆಲಸ ಚಂದ್ರಮೋಹನನದು. ಹೊರಗೆ ಏನೂ ಹೋಗದಿದ್ದರೂ ಒಳಗೆ ಆಡಿದ ಮಾತನ್ನು ಆ ಯಂತ್ರ ತನ್ನ ಹೊಟ್ಟೆಯಲ್ಲಿ ಇಟ್ಟುಕೊಂಡಿತ್ತು. ಒಂದೇ ಸಮನೆ ಕರೆಯುವ ದನಿ. ಏರಿಲ್ಲ, ಇಳಿದಿಲ್ಲ, ಬೈದಿಲ್ಲ, ಬೇಡಿಲ್ಲ. ಕರೆಯುತ್ತದೆ, ಕಾಯುತ್ತದೆ. ಮತ್ತೆ ಕರೆಯುತ್ತದೆ. ಆ ಕರೆ ಕೆಳಗಿದ್ದ ಅವನ ತಂಡದವರಿಗೆ ಕೇಳಿಸಲಿಲ್ಲ, ಬೆಟ್ಟಕ್ಕೆ ಕೇಳಿಸಿತೋ ಇಲ್ಲವೋ. ಭೂಮಿಯ ಮೇಲೆ ಅದನ್ನು ಕೇಳಿಸಿಕೊಂಡವನು ಒಬ್ಬನೇ: ಡಾಲಸ್ ಪಕ್ಕದ ಲ್ಯಾಬಿನಲ್ಲಿ ಮೊಸರನ್ನದ ಡಬ್ಬಿ ಪಕ್ಕಕ್ಕಿಟ್ಟು ಹೆಡ್‌ಫೋನ್ ಹಾಕಿಕೊಂಡ ಮೈಸೂರಿನವನು.

ಕಾರಣ ಸಿಕ್ಕಿತು. ಬಟ್ಟೆಯೊಳಗೆ ಮುಚ್ಚಿಟ್ಟುಕೊಂಡು ಬಹಳ ಹೊತ್ತು ಓಡಿಸಿದರೆ ಒಳಗೆ ಬಿಸಿ ಕೂಡಿ ರೇಡಿಯೊ ಮೂಕವೂ ಕಿವುಡೂ ಆಗುತ್ತಿತ್ತು. ಚಂದ್ರಮೋಹನ ಹೋಗಿ ರಘೂತ್ತಮನಿಗೆ ಹೇಳಿದ. ರಘೂತ್ತಮ ಡೈರೆಕ್ಟರು, ಆದರೆ ಯಾವುದನ್ನೂ ಡೈರೆಕ್ಟಾಗಿ ಹೇಳಿದವನಲ್ಲ. ಇಬ್ಬರೂ ಮೈಸೂರಿನ ಒಂದೇ ಬೀದಿಯವರು, ಇವನನ್ನು ಈ ಕಂಪನಿಗೆ ಎಳೆದು ತಂದವನೇ ಅವನು. ಶ್ರಾವಣಿ ಹುಟ್ಟಿದಾಗ ಬಾಣಂತನ ಮಾಡಿದ್ದು ಅವನ ಹೆಂಡತಿ ಪ್ರಭಾ. "ಚಂದ್ರು," ಎಂದ ರಘೂತ್ತಮ, ಬಾದಾಮಿ ಹಾಲಿನಷ್ಟು ಮೃದುವಾಗಿ, "ನೋಡಪ್ಪ, ಸೈನ್ ಆಫ್ ಒಂದು ಆಗಿಬಿಡ್ಲಿ. ಆಮೇಲೆ ನಿಧಾನಕ್ಕೆ ಒಂದು ಪ್ಯಾಚ್ ಹಾಕೋಣ. ಈಗ ಹೇಳಿದ್ರೆ ನಮಗೇ ಪೇಚು. ಅವನೇ ಬಟನ್ ಏನೋ ತಪ್ಪು ಒತ್ತಿರ್ಬೇಕು ಅಲ್ವಾ? ಹಾಗೇನಾದ್ರೂ ಇರ್ಬೋದಲ್ವಾ?" ಇರಬಹುದಲ್ಲವಾ ಎಂಬುದು ಪ್ರಶ್ನೆಯಲ್ಲ, ಆಜ್ಞೆ ಎಂದು ಅರ್ಥ ಮಾಡಿಕೊಳ್ಳಲು ಚಂದ್ರಮೋಹನನಿಗೆ ತರಬೇತಿ ಬೇಕಿರಲಿಲ್ಲ. ಮರುದಿನದ ಮೀಟಿಂಗಿನಲ್ಲಿ ಕಪ್ಪು ಚೌಕಗಳ ಮುಂದೆ ತಾನೂ ಕ್ಯಾಮೆರಾ ಆಫ್ ಮಾಡಿ, ತಾನೂ ಒಂದು ಕಪ್ಪು ಚೌಕವಾಗಿ, ಎರಡೇ ಪದ ಹೇಳಿದ: ಯೂಸರ್ ಎರರ್. ಬಳಸಿದವನ ತಪ್ಪು. ಆಚೆ ಕಡೆ ಯಾರೋ ಉಸಿರೆಳೆದುಕೊಂಡದ್ದು ಕೇಳಿಸಿತು. ಮುಂದಿನ ಸ್ಲೈಡಿಗೆ ಹೋದರು.

ಸೋಮವಾರ ಸೈನ್ ಆಫ್, ಗಿರಾಕಿ ಒಪ್ಪಿ ಸಹಿ ಹಾಕುವ ದಿನ. ಅದಕ್ಕೆ ಜರ್ಮನಿಯಿಂದ ಒಬ್ಬ ಬಂದಿದ್ದ. ಅವನನ್ನು ಇವತ್ತು ಗೊಂಬೆ ನೋಡಲು ಕರೆದದ್ದು ರಘೂತ್ತಮ, ಚಂದ್ರಮೋಹನನ ಮನೆಗೆ, ಚಂದ್ರಮೋಹನನನ್ನು ಕೇಳದೆ. "ಮನೆ ಊಟ ಹಾಕಿದ್ರೆ ಮನಸ್ಸು ಕರಗುತ್ತೆ ಕಣೋ. ಪಾಪ, ಅವನ ಜೊತೆಗಾರನಿಗೆ ಕಾಲೇ ಹೋಯ್ತಂತೆ, ಬೆಟ್ಟದಿಂದ ಬಿದ್ದು, ಸಹಾಯ ಬರೋದು ಮರುದಿನ ಆಗಿ. ಅದೊಂದು ವಿಷಯ ಎತ್ತಬೇಡ, ಆಯ್ತಾ?" ಜೊತೆಗಾರ ಎಂದರೆ ಯಾವ ಜೊತೆಗಾರ, ಬಂದವನು ಯಾರು ಎಂದು ಕೇಳಬೇಕಿತ್ತು. ಕೇಳಲಿಲ್ಲ. ಅದೂ ಆ ವ್ಯಾಕರಣದ್ದೇ ಒಂದು ಸೂತ್ರ.

ಬಾಗಿಲ ಗಂಟೆ ಸದ್ದಾಯಿತು. ಮೊದಲು ಪ್ರಭಾ, ರೇಷ್ಮೆ ಸೀರೆಯ ಸರಭರದಲ್ಲಿ. ಹಿಂದೆ ರಘೂತ್ತಮ, ಕುರ್ತಾ ತೊಟ್ಟು, ಹೊಟ್ಟೆ ಎಳೆದುಕೊಂಡು. ಅವರ ಹಿಂದೆ ಹೊಸಿಲಾಚೆ ಒಬ್ಬ ಮನುಷ್ಯ. ಎತ್ತರವಿರಲಿಲ್ಲ, ದಪ್ಪವಿರಲಿಲ್ಲ, ಗುರುತಿಟ್ಟುಕೊಳ್ಳಲು ಮುಖದಲ್ಲಿ ಏನೂ ಇರಲಿಲ್ಲ. ಇಂಥ ಮುಖವನ್ನು ಮುಚ್ಚಿಡುವುದೇಕೆ, ನೋಡಿದರೂ ಮರೆತುಹೋಗುತ್ತದಲ್ಲ ಎಂದು ಚಂದ್ರಮೋಹನ ಅಂದುಕೊಳ್ಳುತ್ತಿರುವಾಗ ಆ ಮುಖ ಬಾಯಿ ತೆರೆಯಿತು.

"ಹಲೋ," ಎಂದಿತು. "ನಾನು ಯೋರ್ನ್."

ಚಂದ್ರಮೋಹನ ಬಾಗಿಲ ಹಿಡಿ ಹಿಡಿದೇ ಆ ದನಿಯನ್ನು ಗುರುತಿಸಿದ. ಏರಿಲ್ಲ, ಇಳಿದಿಲ್ಲ. ಆ ದನಿಯ ಒಂದೊಂದು ಉಸಿರಿನ ಅಳತೆಯೂ ಅವನಿಗೆ ಗೊತ್ತಿತ್ತು. ಎಲ್ಲಿ ನುಂಗುತ್ತದೆ, ಎಲ್ಲಿ ನಾಲಿಗೆ ಒಣಗಿ ಅಂಟುತ್ತದೆ ಎಂಬುದೆಲ್ಲ ಗೊತ್ತಿತ್ತು. ತನ್ನ ಹೆಂಡತಿಯ ದನಿಯನ್ನೂ ಅವನು ಹಾಗೆ ಕೇಳಿದ್ದಿಲ್ಲ. ಹೆಡ್‌ಫೋನಿನೊಳಗಿನಿಂದ ಒಬ್ಬ ಮನುಷ್ಯ ಇಳಿದು ಬಂದು ಅವನ ಮನೆಯ ಹೊಸಿಲ ಮುಂದೆ ಬಗ್ಗಿ ಶೂ ಲೇಸು ಬಿಚ್ಚುತ್ತಿದ್ದ.

"ಬರ್ರಿ, ಬರ್ರಿ, ಒಳಗ ಬರ್ರಿ," ಎಂದು ಕುಮುದಾ ಕನ್ನಡದಲ್ಲೇ ಉಪಚರಿಸಿದಳು. ಜರ್ಮನ್ನರಿಗೆ ಇಂಗ್ಲಿಷೂ ಪರಭಾಷೆ, ಕನ್ನಡವೂ ಪರಭಾಷೆ ಎಂಬುದು ಅವಳ ತರ್ಕ. ಆಮೇಲೆ ಇಂಗ್ಲಿಷಿಗೆ ಇಳಿದು ಮಾತಾಡಿಸಿದಳು. ಯೋರ್ನ್ ಮೆಲ್ಲಗೆ ಉತ್ತರ ಕೊಟ್ಟ. ಊಟದ ಮೇಜಿನ ಸುತ್ತ ಕೂತರು. ಕೋಸಂಬರಿ, ಆಂಬೊಡೆ, ಪುಳಿಯೋಗರೆ. ಚಂದ್ರಮೋಹನ ಬಡಿಸುವ ಕೆಲಸ ಹಿಡಿದ, ಬಡಿಸುವವನು ಮಾತಾಡಬೇಕಾಗಿಲ್ಲ. ತಟ್ಟೆಯ ಮೇಲೆ ಬಗ್ಗಿ, ಸೌಟು ಹಿಡಿದು, ಇನ್ನೂ ಸ್ವಲ್ಪ ಹಾಕಲೇ ಎಂದು ತಲೆಯಾಡಿಸಿಯೇ ಕೇಳಿದ. ಸಾಕು ಎಂದು ಯೋರ್ನ್ ಕೈ ಅಡ್ಡ ಹಿಡಿದ. ಸೌಟು ಆಗಲೇ ವಾಲಿತ್ತು. ಹೆಸರುಬೇಳೆ ಅವನ ಬೆರಳುಗಳ ಮೇಲೆ ಉದುರಿತು.

"ಸಾರಿ," ಎಂದ ಚಂದ್ರಮೋಹನ, ಬಾಯಿತಪ್ಪಿ.

ಯೋರ್ನ್ ಬೆರಳಿನ ಮೇಲಿನ ಬೇಳೆಯನ್ನು ಒರೆಸಿಕೊಳ್ಳಲಿಲ್ಲ. ತಲೆ ತುಸು ಓರೆ ಮಾಡಿ ಅವನನ್ನು ನೋಡಿದ. "ನಿಮ್ಮ ದನಿ ನನಗೆ ಗೊತ್ತು," ಎಂದ ಇಂಗ್ಲಿಷಿನಲ್ಲಿ.

"ಇವ್ನದೂ ಒಂದು ದನೀನಾ!" ರಘೂತ್ತಮ ನಡುವೆ ಬಂದು ಜೋರಾಗಿ ನಕ್ಕ, ಆಮೇಲೆ ಅದನ್ನೇ ಇಂಗ್ಲಿಷಿಗೆ ತಿರುಗಿಸಿ ಇನ್ನೊಮ್ಮೆ ನಕ್ಕ. "ನಮ್ಮ ಆಫೀಸಿನಲ್ಲಿ ಇವನು ಪರ್ಮನೆಂಟ್ ಮ್ಯೂಟು. ಅದಿರ್ಲಿ, ನಿಮ್ಮ ಸೈನ್ಯದಲ್ಲಿ ಆರ್ಡರ್ ಅಂದ್ರೆ ಆರ್ಡರ್ರು, ಅಲ್ವೇ? ಮೇಲಿಂದ ಬಂತು ಅಂದ್ರೆ ಮುಗೀತು. ನಮ್ಮಲ್ಲಿ ಒಬ್ಬೊಬ್ಬ ಎಂಜಿನಿಯರಿಗೂ ಕೈ ಮುಗೀಬೇಕು."

"ಇಲ್ಲ," ಎಂದ ಯೋರ್ನ್. "ಈಗ ಹಾಗಿಲ್ಲ. ಆರ್ಡರ್ ಸರಿಯಿದೆಯಾ ಅಂತ ಮೊದಲು ನಾವೇ ಕೇಳಿಕೊಳ್ಳಬೇಕು. ತಪ್ಪು ಕೆಲಸ ಮಾಡಿ, ಮೇಲಿನವರು ಹೇಳಿದ್ರು ಅಂದ್ರೆ ನಡೆಯಲ್ಲ. ನಮ್ಮ ಅಜ್ಜಂದಿರ ಕಾಲ ಮುಗಿದ ಮೇಲೆ ಹಾಗೆ ಕಾನೂನು ಬರೆದರು."

"ವೆರಿ ಗುಡ್, ವೆರಿ ಗುಡ್," ಎಂದು ರಘೂತ್ತಮ ಇನ್ನೊಂದು ಆಂಬೊಡೆ ತೆಗೆದುಕೊಂಡ.

ಚಂದ್ರಮೋಹನ ಖಾಲಿ ಸೌಟು ಹಿಡಿದು ಅಡುಗೆಮನೆಗೆ ಹೋದ. ನಲ್ಲಿ ಬಿಟ್ಟ. ಒಮ್ಮೆ, ಮೂರನೇ ಕ್ಲಾಸಿನಲ್ಲಿ, ಪಕ್ಕದ ಹುಡುಗ ಬಿಟ್ಟ ಹೂಸಿಗೆ ಮೇಷ್ಟ್ರು ಹಿಂದಿನ ಬೆಂಚಿನ ಇನ್ಯಾರನ್ನೋ ನಿಲ್ಲಿಸಿ ಹೊಡೆದಿದ್ದರು. ಹೊಡೆಸಿಕೊಂಡವನು ಅಳದೆ, ತಿರುಗಿ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಬಂದಿದ್ದ. ಸಿಟ್ಟಿನಿಂದಲ್ಲ. ಗೊತ್ತಿರುವವನು ಇವರಲ್ಲಿ ಯಾವನು ಎಂದು ಹುಡುಕುವ ಹಾಗೆ. ಆ ಮುಖ ಈಗ ನೆನಪಾಗಲಿಲ್ಲ, ನೋಟ ಮಾತ್ರ ನೆನಪಾಯಿತು. ಮುಖವಿಲ್ಲದ ಒಂದು ನೋಟ. ಸುಮ್ಮನೆ ಊಟ ಮಾಡಿ ಹೋಗಲಿ ದೇವರೇ ಎಂದು ಬೇಡಿಕೊಂಡ. ಸೋಮವಾರ ಸೈನ್ ಆದರೆ ಎಲ್ಲ ಕಮಾಂಡೊಗಳ ಎದೆಯ ಮೇಲೂ ಆ ರೇಡಿಯೊ. ಪ್ಯಾಚು ಬರುವ ತನಕ ಎಷ್ಟು ಬೆಟ್ಟ, ಎಷ್ಟು ಕಾಲು. ಹೇಳಿದರೆ ರಘೂತ್ತಮ ಹೋಗುತ್ತಾನೆ, ಅವನ ಹಿಂದೆ ತಾನು. ಕುಮುದಾ ಮತ್ತು ಪ್ರಭಾ ಹಾಲಿನಲ್ಲಿ ಏನಕ್ಕೋ ನಗುತ್ತಿದ್ದರು, ಒಡಹುಟ್ಟಿದವರ ಹಾಗೆ ಒಬ್ಬರ ಮಾತನ್ನು ಒಬ್ಬರು ಮುಗಿಸುತ್ತಾ. ನಲ್ಲಿಯ ನೀರಿನಲ್ಲಿ ಗಿಡುಗ ಹದ್ದನ್ನು ಕರೆಯತೊಡಗಿತು. ನಲ್ಲಿ ನಿಲ್ಲಿಸಿದ. ನಿಲ್ಲಲಿಲ್ಲ, ಕರೆ.

ಹಾಲಿಗೆ ಬಂದಾಗ ಯೋರ್ನ್ ಗೊಂಬೆಗಳ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಆನೆಯನ್ನೂ ಅಂಬಾರಿಯನ್ನೂ ನೋಡುತ್ತಿರಲಿಲ್ಲ. ಕುಮುದಾ ಪಕ್ಕದಲ್ಲಿ ನಿಂತು ಮೈಸೂರು ದಸರೆಯ ವೈಭವವನ್ನು ಧಾರವಾಡದ ಇಂಗ್ಲಿಷಿನಲ್ಲಿ ಬಣ್ಣಿಸುತ್ತಿದ್ದಳು. ಅವನು ಒಂದು ಬೆರಳನ್ನು, ಮುಟ್ಟದೆ, ಒಬ್ಬ ಸಿಪಾಯಿಯ ಕುತ್ತಿಗೆಯ ಹತ್ತಿರ ಹಿಡಿದ. ನೇಲ್ ಪಾಲಿಶ್ ಬಿರುಕನ್ನು ಪೂರ್ತಿ ಮುಚ್ಚಿರಲಿಲ್ಲ.

"ಕೆಳಗೆ ಬೂದು ಇದೆ," ಎಂದ.

"ಹಳೇ ಬಣ್ಣ," ಎಂದಳು ಕುಮುದಾ.

"ಹೌದು, ಹಳೆಯದು. ನಮ್ಮ ಅಜ್ಜಿಯ ಕಪಾಟಿನಲ್ಲಿ ಇಂಥವನೊಬ್ಬ ಇದ್ದ. ನಮಗೆ ಮುಟ್ಟಲು ಬಿಡುತ್ತಿರಲಿಲ್ಲ. ಇವರು ಜರ್ಮನ್ ಸೈನಿಕರು. ಎರಡನೇ ಮಹಾಯುದ್ಧದವರು."

ಕುಮುದಾಳ ಮುಖದಿಂದ ರಕ್ತ ಇಳಿಯಿತು. ದೇವರ ಮುಂದೆ, ಪಟ್ಟದ ಗೊಂಬೆಯ ಕಾಲಡಿ, ಅರಿಶಿನ ಕುಂಕುಮ ಹಚ್ಚಿ ದಿನಾ ಆರತಿ ಎತ್ತಿದ್ದಳು. ಅವಳು ಗಂಡನ ಕಡೆ ತಿರುಗಿದಳು. ಅವನ ಮುಖದಲ್ಲಿ ಆಶ್ಚರ್ಯವನ್ನು ಹುಡುಕಿದಳು, ಅದು ಅಲ್ಲಿರಲಿಲ್ಲ.

"ನಿಮಗ ಗೊತ್ತಿತ್ತು," ಎಂದಳು. ಪ್ರಶ್ನೆಯಾಗಿ ಅಲ್ಲ.

"ಅದೂ... ಹೆಲ್ಮೆಟ್ ನೋಡಿ ಸ್ವಲ್ಪ ಡೌಟು ಬಂತು..."

"ಹೇಳ್ಲಿಕ್ಕೆ ಏನಾಗಿತ್ರೀ? ಬಾಯಾಗ ಕಡಬು ಇತ್ತೇನು?" ಆಮೇಲೆ ಯೋರ್ನ್ ಕಡೆ ತಿರುಗಿ, "ಇವನ್ನ ತೆಗೀಬೇಕಂದ್ರೂ ತೆಗಿಯಂಗಿಲ್ಲ. ಹಬ್ಬ ಮುಗಿಯೋತನಕಾ ಅಲ್ಲಾಡಿಸಬಾರದು. ನಮ್ಮಲ್ಲಿ ಪದ್ಧತಿ" ಎಂದು ತಡವರಿಸುತ್ತಾ ವಿವರಿಸಿದಳು.

"ಬೇಡ, ಇರಲಿ," ಎಂದ ಯೋರ್ನ್. "ಇಷ್ಟು ಒಳ್ಳೆಯ ಬಟ್ಟೆ ಇವರಿಗೆ ಯಾರೂ ಹೊಲಿಸಿರಲಿಲ್ಲ." ನಕ್ಕನೋ ಏನೋ, ಆ ಮುಖದಲ್ಲಿ ನಗುವೂ ಗುರುತು ಬಿಡುತ್ತಿರಲಿಲ್ಲ. ಆಮೇಲೆ ಗವಾಯಿಯನ್ನು ನೋಡಿದ. ಬಹಳ ಹೊತ್ತು ನೋಡಿದ. "ಇವನು ಏನು ಮಾಡುತ್ತಿದ್ದಾನೆ?"

"ಹಾಡ್ತಿದಾನೆ," ಎಂದಳು ಪ್ರಭಾ, ಗಾಳಿ ತಿಳಿಯಾಗಲಿ ಎಂದು.

"ಇಲ್ಲ. ಇವನು ರೇಡಿಯೊದವನು. ಕರೆದು ಆಗಿದೆ. ಈಗ ಉತ್ತರಕ್ಕೆ ಕಾಯುತ್ತಿದ್ದಾನೆ."

"ಒಂದು ಫೋಟೊ ತಗೋಳ್ಳೋಣ!" ಎಂದು ರಘೂತ್ತಮ ಚಪ್ಪಾಳೆ ತಟ್ಟಿ ಎದ್ದ. ಕಮಾಂಡೊ ಮುಖದ ಫೋಟೊ ತೆಗೆಯುವ ಹಾಗಿಲ್ಲ ಎಂದು ನೆನಪಾಗಿ ಕೂತ. ಮತ್ತೆ ಎದ್ದು, "ಹಾಡು! ಪ್ರಭಾ, ಒಂದು ಹಾಡು ಹೇಳು. ಗೊಂಬೆ ಮುಂದೆ ಹಾಡದೆ ಹೋದ್ರೆ ಹೆಂಗೆ?" ಎಂದ.

ಪ್ರಭಾ ಗಂಟಲು ಸರಿಮಾಡಿಕೊಂಡು ಒಂದು ದೇವರನಾಮದ ಎರಡು ನುಡಿ ಹಾಡಿದಳು. ಕುಮುದಾಳಿಗೆ ಅಷ್ಟರಲ್ಲಿ ಕೈಗೆ ಕೆಲಸ ಬೇಕಾಗಿತ್ತು, ಬಾಯಿಗೆ ಬೇರೆ ಮಾತು ಬೇಕಾಗಿತ್ತು. ಕುಂಕುಮದ ತಟ್ಟೆ ಹಿಡಿದು ಯೋರ್ನ್ ಮುಂದೆ ನಿಂತು, "ಈಗ ನೀವು. ಬಂದವರೆಲ್ಲಾ ಗೊಂಬಿ ಮುಂದ ಒಂದು ಹಾಡ ಹೇಳಬೇಕು. ಬರೂದಿಲ್ಲಂದ್ರ ಬಿಡೂದಿಲ್ಲ" ಎಂದಳು, ಅದನ್ನೇ ಇಂಗ್ಲಿಷಿನಲ್ಲೂ ಹೇಳಿದಳು.

"ನನಗೆ ಹಾಡಲು ಬರುವುದಿಲ್ಲ."

"ಎಲ್ಲರೂ ಹಂಗಽ ಅಂತಾರ. ಏನರ ಒಂದು. ಚಿಕ್ಕದಾದ್ರೂ ನಡೀತದ."

ಯೋರ್ನ್ ಚಂದ್ರಮೋಹನನ ಕಡೆ ನೋಡಿದ. ಅಲ್ಲೇ ಜಾಗ ಮಾಡಿಕೊಂಡು ಮಂಡಿಯೂರಿ, ತಲೆ ಓರೆ ಮಾಡಿ, ಬಲಗೈಯನ್ನು ಕಿವಿಗೆ ಒತ್ತಿದ. "ಒಂದೇ ಒಂದು ಬರುತ್ತದೆ," ಎಂದ. "ಬಹಳ ಸಲ ಹೇಳಿದ್ದೇನೆ."

"ಅಡ್ಲರ್, ಅಡ್ಲರ್. ಹಿಯರ್ ಫಾಲ್ಕೆ. ಕೊಮ್ಮೆನ್."

ನಿಲ್ಲಿಸಿದ. ಕಾಯುವ ಅಂತರ ಚಂದ್ರಮೋಹನನಿಗೆ ಬಾಯಿಪಾಠವಾಗಿತ್ತು. ಇಷ್ಟು ಹೊತ್ತು ನಿಶ್ಶಬ್ದ, ಆಮೇಲೆ ಒಂದು ನುಂಗು, ಆಮೇಲೆ ಮತ್ತೆ. ಯೋರ್ನ್‌ನ ಗಂಟಲಮಣಿ ಮೇಲೆ ಹೋಗಿ ಕೆಳಗಿಳಿಯಿತು.

"ಅಡ್ಲರ್, ಅಡ್ಲರ್. ಹಿಯರ್ ಫಾಲ್ಕೆ. ಕೊಮ್ಮೆನ್."

ಪದ್ಯವಿರಬೇಕೆಂದು ಪ್ರಭಾ ಚಪ್ಪಾಳೆ ತಟ್ಟಲು ಕೈ ಎತ್ತಿ, ಮುಗಿದಿಲ್ಲವೆಂದು ಹಾಗೇ ಹಿಡಿದಳು. ರಘೂತ್ತಮ ಆಂಬೊಡೆ ಅಗಿಯುವುದನ್ನು ನಿಲ್ಲಿಸಿದ್ದ. ಶ್ರಾವಣಿ ರೂಮಿನ ಬಾಗಿಲು ಅರ್ಧ ತೆಗೆದು ನಿಂತಿದ್ದಳು. ಮೆಟ್ಟಿಲ ಮೇಲಿನ ಸಿಪಾಯಿಗಳೆಲ್ಲ ಮುಂದಕ್ಕೆ ನೋಡುತ್ತಿದ್ದರು, ಮೆರವಣಿಗೆಯವರು ಹಾಗೇ ನೋಡಬೇಕು. ಆದರೆ ಮುಂದೆ ಎಂದರೆ ಚಂದ್ರಮೋಹನ ನಿಂತ ಜಾಗ. ಮೂರನೆಯ ಸಲ ಕರೆ ಬಂತು. ನಾಲ್ಕನೆಯ ಸಲ. ಅದೇ ದನಿ, ಅದೇ ಬಿಡುವು. ಆ ಬಿಡುವುಗಳನ್ನು ಲ್ಯಾಬಿನಲ್ಲಿ ಅವನು ಎಷ್ಟೋ ಸಲ ಮುಂದಕ್ಕೆ ಓಡಿಸಿ ದಾಟಿದ್ದ. ಇಲ್ಲಿ ಓಡಿಸಲು ಗುಂಡಿಯಿರಲಿಲ್ಲ. ಈ ಮನುಷ್ಯ ಸಾಯಂಕಾಲದ ತನಕ ಕರೆಯಬಲ್ಲ, ನಾಳೆಯ ತನಕ ಕರೆಯಬಲ್ಲ, ಬೆಟ್ಟದ ಮೇಲೆ ಹಾಗೇ ಕರೆದಿದ್ದ, ಪಕ್ಕದಲ್ಲಿ ಜೊತೆಗಾರ ಕಾಲು ಹಿಡಿದು ನರಳುತ್ತಿರುವಾಗ. ಆಮೇಲೆ ಊರಿಗೆ ಹೋಗಿ, ತಪ್ಪು ನಿನ್ನದೇ ಎಂದು ಕೇಳಿಸಿಕೊಂಡು, ಒತ್ತಿದ ಬೆರಳನ್ನು ದಿನಾ ನೋಡಿಕೊಂಡಿರಬೇಕು.

"ನಿಮ್ಮ ತಪ್ಪಲ್ಲ," ಎಂದ ಚಂದ್ರಮೋಹನ, ಇಂಗ್ಲಿಷಿನಲ್ಲಿ, ತನಗೇ ಕೇಳಿಸದ ಹಾಗೆ.

ಯೋರ್ನ್ ಕಿವಿಯಿಂದ ಕೈ ತೆಗೆಯಲಿಲ್ಲ. "ಸೇ ಅಗೇನ್."

"ನಿಮ್ಮ ತಪ್ಪಾಗಿರಲಿಲ್ಲ."

"ಚಂದ್ರು," ಎಂದ ರಘೂತ್ತಮ, ಮೆತ್ತಗೆ, ಕನ್ನಡದಲ್ಲಿ. "ಸ್ವಲ್ಪ ಮಜ್ಜಿಗೆ ತರ್ತೀಯೇನಪ್ಪ?"

"ಸೇ ಅಗೇನ್," ಎಂದ ಯೋರ್ನ್. ಅಣಕವಿರಲಿಲ್ಲ. ದೂರದಿಂದ ಅಸ್ಪಷ್ಟವಾಗಿ ಬರುತ್ತಿರುವುದನ್ನು ಹಿಡಿಯಲು ನೋಡುತ್ತಿರುವವನ ಹಾಗೆ ಕಣ್ಣು ಮುಚ್ಚಿಕೊಂಡಿದ್ದ.

ಆಗ ಚಂದ್ರಮೋಹನನಿಗೆ ಇಂಗ್ಲಿಷು ಕೈಕೊಟ್ಟಿತು. ಇಪ್ಪತ್ತು ವರ್ಷ ಮೀಟಿಂಗುಗಳಲ್ಲಿ ಅವನನ್ನು ಕಾಪಾಡಿದ ಭಾಷೆ. ಯಾರು ಮಾಡಿದ್ದೆಂದು ಹೇಳದೆ ಏನಾಯಿತೆಂದು ಮಾತ್ರ ಹೇಳಲು ಬಿಡುವ ಒಳ್ಳೆಯ ಭಾಷೆ. ಅದು ಹೋಗಿ, ಹೊಟ್ಟೆಯಿಂದ ಬೇರೆಯದು ಎದ್ದು ಬಂತು, ಬೀದಿಯಲ್ಲಿ ಕೂಗುವಷ್ಟು ಜೋರಾಗಿ.

"ನಿನ್ನ ತಪ್ಪಲ್ಲ ಕಣಯ್ಯಾ! ನೀನು ಸರಿಯಾಗೇ ಒತ್ತಿದ್ದೆ! ರೇಡಿಯೊ ಬಿಸಿಯಾಗಿ ಸತ್ತಿತ್ತು. ನೀನು ಕರೆದದ್ದು ನನಗೆ ಕೇಳಿಸಿತ್ತು, ಎಲ್ಲಾ ಕೇಳಿಸಿತ್ತು! ಗೊತ್ತಿದ್ದೂ ಗೊತ್ತಿದ್ದೂ ನಿನ್ನ ಮೇಲೆ ಹಾಕಿದೆ. ನಾನೇ ಹೇಳಿದ್ದು. ಇವನು ಹೇಳು ಅಂದ, ನಾನು ಹೇಳಿದೆ! ಸೋಮವಾರ ಸೈನ್ ಹಾಕಬೇಡ!"

ಯೋರ್ನ್‌ಗೆ ಒಂದು ಪದವೂ ತಿಳಿದಿರಲು ಸಾಧ್ಯವಿರಲಿಲ್ಲ. ತಿಳಿಯುವವರಿಗೆಲ್ಲ ತಿಳಿದಿತ್ತು. ಕುಮುದಾಳ ಕೈಯ ತಟ್ಟೆಯಿಂದ ಕುಂಕುಮ ಕಾರ್ಪೆಟ್ಟಿಗೆ ಚೆಲ್ಲಿತ್ತು. ಪ್ರಭಾ ಗಂಡನನ್ನು ನೋಡುತ್ತಿದ್ದಳು, ಕುಮುದಾ ತನ್ನ ಗಂಡನನ್ನು. ಯೋರ್ನ್ ಅವರೆಲ್ಲರ ಮುಖಗಳನ್ನು ಒಂದೊಂದಾಗಿ ನೋಡಿದ. ಕೊನೆಗೆ ರಘೂತ್ತಮನ ಮುಖದ ಮೇಲೆ ನಿಂತ. ಅಲ್ಲಿ ಅವನಿಗೆ ಬೇಕಾದ ಅನುವಾದ ಸಿಕ್ಕಿರಬೇಕು.

"ಫೆರ್‌ಷ್ಟಾಂಡೆನ್," ಎಂದ. ತಿಳಿಯಿತು ಎಂದು ಅವರ ರೇಡಿಯೊದ ಮಾತು. ಕೈಯನ್ನು ಕಿವಿಯಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ.

ರಘೂತ್ತಮ ಎದ್ದು ನಿಂತು ಮಾತಾಡತೊಡಗಿದ. ಬಾಯಿ ಅಗಲವಾಗಿ ತೆರೆದು ಮುಚ್ಚುತ್ತಿತ್ತು, ಬೆರಳು ಚಂದ್ರಮೋಹನನ ಎದೆಯ ಕಡೆ ಚಾಚಿತ್ತು, ಕುತ್ತಿಗೆಯ ನರ ಉಬ್ಬಿತ್ತು. ಕುಮುದಾಳ ತುಟಿಗಳೂ ಅಲುಗುತ್ತಿದ್ದವು; ಅವಳೇನೋ ಕೇಳುತ್ತಿದ್ದಳು, ಮತ್ತೆ ಮತ್ತೆ ಅದನ್ನೇ ಕೇಳುತ್ತಿದ್ದಳು, ಉತ್ತರಕ್ಕೆ ಕಾಯುತ್ತಿದ್ದಳು. ಬಿಸಿ ಕೂಡಿ ಕಿವುಡಾದ ಆ ರೇಡಿಯೊದ ಹಾಗೆ, ಚಂದ್ರಮೋಹನನಿಗೆ ಒಂದಕ್ಷರವೂ ಕೇಳಿಸಲಿಲ್ಲ.